ಆಯಿಯ ಪಾಲಿನ ವಾಗ್ದಾನ

ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಆರು ಗಂಟೆಗೆ ಪಾಪ ಹೇಳಬೇಕಿತ್ತು. ಅಪ್ಪನಿಗೆ ಎರಡನೇ ಪಾಳಿ ಬಂದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಹೇಳಿ ಮುಗಿಸಬೇಕು. ಏನೇ ಆದರೂ ಶನಿವಾರ ದಾಟುವಂತಿರಲಿಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ನಮಗೆ ಸಿಕ್ಕಿದ್ದು ನೆಲಮಹಡಿಯ ಎರಡು ಕೋಣೆಯ ಕ್ವಾರ್ಟರ್ಸ್. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಅಪ್ಪ, ಅವ್ವ, ನಾನು ಕೂರುತ್ತಿದ್ದೆವು. ಅಪ್ಪನ ತಾಯಿಗೆ ಮಾತ್ರ ಕುರ್ಚಿ, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಅಪ್ಪ ಸತ್ಯವೇದದಿಂದ ಒಂದು ಭಾಗ ಓದಿ, ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟು ಒಬ್ಬೊಬ್ಬರನ್ನೇ ನೋಡುತ್ತಿದ್ದ. ಆ ನೋಟಕ್ಕೆ ಆ ವಾರ ಮಾಡಿದ ಒಂದು ತಪ್ಪನ್ನಾದರೂ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ತಲೆಯ ಮೇಲೆ ಕೈಯಿಟ್ಟು ಪ್ರತಿ ಸಲವೂ ಅದೇ ಮಾತು:

"ದೇವರು ಕ್ಷಮಿಸ್ಯಾನ. ಏಳು."

ಅಪ್ಪ ತನ್ನದನ್ನು ಎಂದೂ ಹೇಳಿದವನಲ್ಲ. ಮನೆಯ ಯಜಮಾನ ಕೇಳುವವನು, ಹೇಳುವವನಲ್ಲ ಎಂಬುದು ಅವನ ಕ್ರಮ. ಅವನ ಹತ್ತಿರ ಹೇಳಲು ಏನೂ ಇರಲಿಕ್ಕಿಲ್ಲ ಎಂದು ನಾನು ನಂಬಿದ್ದೆ. ನನ್ನದು ಬೇರೆ ಕಥೆ. ಎಂಟು ವರ್ಷಕ್ಕೇ ನನಗೆ ಗೊತ್ತಾಗಿತ್ತು, ಯಾವ ಪಾಪ ಹೇಳಿದರೆ ಬೇಗ ಮುಗಿಯುತ್ತದೆ ಎಂದು. ಹೋಂವರ್ಕ್ ಮಾಡದೆ ಮಾಡಿದ್ದೇನೆ ಎಂದದ್ದು, ಪಕ್ಕದ ಕ್ವಾರ್ಟರ್ಸಿನ ಗಿಡದಿಂದ ಪೇರಲ ಕಿತ್ತದ್ದು, ಪ್ರಾರ್ಥನೆಯಲ್ಲಿ ಕಣ್ಣು ತೆರೆದದ್ದು, ಇವನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದೆ. ಮಾಡದ ವಾರವೂ ಮಾಡಿದ್ದೇನೆ ಎನ್ನುತ್ತಿದ್ದೆ. ಪಾಪ ಹೇಳುವುದರಲ್ಲೇ ಸುಳ್ಳು ಹೇಳುವುದನ್ನು ಕಲಿತದ್ದು ಆ ಚಾಪೆಯ ಮೇಲೆ. ಅವ್ವ ಸದಾ "ಸಿಟ್ಟು ಮಾಡಿಕೊಂಡೆ" ಎನ್ನುತ್ತಿದ್ದಳು, ಯಾರ ಮೇಲೆ ಎಂದು ಅಪ್ಪ ಕೇಳುತ್ತಿರಲಿಲ್ಲ. ಆಯಿ ಒಬ್ಬಳೇ ನಿಜ ಹೇಳುತ್ತಿದ್ದವಳು.

"ಈ ಊರಿನ ನೀರಿಗೆ ಬೈದೆ. ಮೂರು ಹೊತ್ತು ಅನ್ನ ಉಣ್ಣೂ ಮಂದಿಗೆ ಬೈದೆ. ನಿನಗೂ ಬೈದೇನಿ ದಾನ್ಯಾ, ಒಳಗೊಳಗ."

ನಾನು ನಕ್ಕರೆ ಅಪ್ಪ ಕಣ್ಣು ಬಿಡುತ್ತಿದ್ದ. ದಾನಿಯೇಲ ಎಂಬ ಹೆಸರಿನ, ಮೀಸೆಯ, ಕಾರ್ಖಾನೆಯ ಮಿಲ್ಲಿನಲ್ಲಿ ಇಪ್ಪತ್ತು ಜನರನ್ನು ಗದರಿಸುವ ಮನುಷ್ಯ ಆ ಕುರ್ಚಿಯ ಎದುರು ದಾನ್ಯಾ ಆಗಿಬಿಡುವುದು ನನಗೆ ಬಹಳ ಇಷ್ಟವಾಗುತ್ತಿತ್ತು.

ಆಯಿ ಬೆಟಗೇರಿಯವಳು. ಅಲ್ಲಿಯ ಮಿಶನ್ ಕಂಪೌಂಡಿನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲಿಯ ಸಮಾಧಿಭೂಮಿಯಲ್ಲಿ ಗಂಡನನ್ನು ಮಣ್ಣು ಮಾಡಿದವಳು. ನಾನು ಹುಟ್ಟಿದಾಗ ಆರು ತಿಂಗಳ ಮಟ್ಟಿಗೆ ಬಾ ಎಂದು ಅಪ್ಪ ಕರೆತಂದಿದ್ದ. ಅವ್ವ ಗಾಜುವಾಕದ ಒಂದು ಸಣ್ಣ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಎಂಟಕ್ಕೆ ಹೋದರೆ ಐದಕ್ಕೆ ಬರುವುದು. ಆರು ತಿಂಗಳು ಹನ್ನೊಂದು ವರ್ಷವಾಗಿತ್ತು. ಅಡುಗೆಮನೆ ಪೂರ್ತಿ ಆಯಿಯದು. ಸ್ಟವ್ ಕಟ್ಟೆಯ ಪಕ್ಕದಲ್ಲಿ ನಿಂತುಕೊಂಡೇ ಅವಳು ರೊಟ್ಟಿ ಬಡಿಯುತ್ತಿದ್ದಳು, ಮೇಲಿನ ಮನೆಯವರು ಸದ್ದು ಕೇಳಿ ಇವರ ಮನೆಯಲ್ಲಿ ಏನೋ ರಿಪೇರಿ ನಡೆದಿದೆ ಎಂದುಕೊಂಡಿದ್ದರಂತೆ. ಇಲ್ಲಿಯ ಜೋಳದ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ ಎಂದು ದಿನವೂ ಗೊಣಗಾಟ. ಶಾಲೆಯಿಂದ ಬಂದೊಡನೆ ಆ ಸೀಳಿದ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿ ಕೈಗೆ ಕೊಡುತ್ತಿದ್ದಳು. ನಾನು ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ತಡವರಿಸುವ ಹುಡುಗಿ. ಕನ್ನಡದ ಅಕ್ಷರಗಳನ್ನು ಅವಳೇ ಕಲಿಸಿದ್ದು, ತನ್ನ ದಪ್ಪಕ್ಷರದ ಸತ್ಯವೇದದ ಮೇಲೆ ನನ್ನ ಬೆರಳು ಹಿಡಿದು ಜರುಗಿಸುತ್ತ. ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಅಪ್ಪ ಗದರಿದ ದಿನ ಅವಳ ಬೆನ್ನಿಗೆ ಅಂಟಿಕೊಂಡರೆ ನನಗೆ ಎಲ್ಲವೂ ಸರಿಯಾಗುತ್ತಿತ್ತು. ಅವಳಿಲ್ಲದ ಮನೆಯನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಆ ವರ್ಷದ ಡಿಸೆಂಬರಿನ ಮೊದಲಲ್ಲಿ ನಮ್ಮ ಚರ್ಚಿನ ಸಭೆಯವರೆಲ್ಲ ಬಸ್ಸು ಮಾಡಿಕೊಂಡು ಭೀಮುನಿಪಟ್ಟಣಕ್ಕೆ ಹೋಗಿದ್ದೆವು. ಸಮುದ್ರದ ದಂಡೆಯ ಹತ್ತಿರ ಹಳೆಯ ಕಾಲದ ಪರದೇಶಿಗಳ ಸಮಾಧಿಗಳಿವೆ. ಉಳಿದವರು ನೀರಿಗೆ ಇಳಿದರೆ ಆಯಿ ನನ್ನ ಹೆಗಲು ಹಿಡಿದು ಆ ಗೋರಿಗಳ ನಡುವೆ ನಡೆದಳು. ಕಲ್ಲಿನ ಅಕ್ಷರಗಳನ್ನು ಓದು ಎಂದಳು. ನನಗೆ ಆ ಭಾಷೆ ಬರುತ್ತಿರಲಿಲ್ಲ.

"ಇವರ ಹೆಸರು ಓದಾಕ ಇಲ್ಲಿ ಒಬ್ಬರೂ ಇಲ್ಲ ನೋಡು," ಎಂದಳು. "ಎಲ್ಲಿಂದ ಬಂದ್ರೋ ಏನೋ. ತಿರುಗಿ ಹೋಗಲಿಲ್ಲ."

ಮನೆಗೆ ಬಂದವಳು ಅಂದೇ ಅಪ್ಪನ ಎದುರು ನಿಂತು ಬೆಟಗೇರಿಗೆ ಕಳಿಸು ಎಂದಳು. ಅಲ್ಲಿ ಅವಳ ತಂಗಿ, ನಮ್ಮ ಸಣ್ಣಾಯಿ, ಮಗಳು ಮೊಮ್ಮಕ್ಕಳೊಂದಿಗೆ ಇದ್ದಳು. ಹೋದರೆ ನೋಡಿಕೊಳ್ಳುವವರಿಲ್ಲ ಎಂಬ ಮಾತಿಗೆ ಜಾಗವಿರಲಿಲ್ಲ. ಆದರೂ ಅಪ್ಪ ಒಪ್ಪಲಿಲ್ಲ. ಮೂರು ದಿನ ಮನೆಯಲ್ಲಿ ಅದೇ ಜಗಳ. ತಟ್ಟೆ ಮುಂದಿಟ್ಟುಕೊಂಡು ಆಯಿ ಉಣ್ಣದೆ ಎದ್ದಳು.

"ನಿಮ್ಮಪ್ಪನ ಮಗ್ಗಲಿಗೆ ನನಗ ಜಾಗ ಇಟ್ಟೀರಿ. ಸತ್ತ ಮ್ಯಾಲ ನನ್ನ ಹೆಣಾ ಒಯ್ಯಾಕ ನಿನ್ನ ಕೈಲೆ ಆಗೂದಿಲ್ಲ. ಕಾಲಾಗ ಜೀವ ಇದ್ದಾಗ ಕಳಿಸು."

"ಹಂಗಾರ ದೇವರನ್ನ ಕೇಳೂನು, ಅವ್ವಾ," ಎಂದ ಅಪ್ಪ. "ಹೊಸ ವರ್ಷದ ಚೀಟಿ ಹೋಗು ಅಂದ್ರ ಹೋಗು. ಫೆಬ್ರುವರಿದಾಗ ಪಾಟೀಲರು ಊರಿಗೆ ಹೊಂಟಾರ, ಅವರ ಕೂಡ ಗದಗ ಮಟ ಕಳಸ್ತೀನಿ. ಇರು ಅಂದ್ರ ಇರಬೇಕು ಮತ್ತ."

ಪಾಟೀಲರು ಅಪ್ಪನ ಮಿಲ್ಲಿನವರು, ಕೊಪ್ಪಳದ ಕಡೆಯವರು. ಚೀಟಿ ಎಂದರೆ ವಾಗ್ದಾನದ ಚೀಟಿ. ಅಲ್ಲಿಯ ತೆಲುಗು ಸಭೆಗಳಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಒಂದು ತಟ್ಟೆಯಲ್ಲಿ ಸತ್ಯವೇದದ ವಚನವನ್ನು ತೆಲುಗಿನಲ್ಲಿ ಬರೆದ ಚಿಕ್ಕ ಚಿಕ್ಕ ಕಾರ್ಡುಗಳನ್ನು ಕವುಚಿ ಇಡುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದು ತೆಗೆದುಕೊಳ್ಳಬೇಕು. ಆ ವರ್ಷಕ್ಕೆ ದೇವರು ನಿನಗೆ ಕೊಟ್ಟ ಮಾತು ಅದು. ಜನ ಅದನ್ನು ಗೋಡೆಗೆ ಅಂಟಿಸಿ, ಮಗಳ ಮದುವೆಯಿಂದ ಹಿಡಿದು ಸೈಟು ಕೊಳ್ಳುವವರೆಗೆ ಎಲ್ಲಕ್ಕೂ ಅದನ್ನೇ ನೋಡುತ್ತಿದ್ದರು. ಅಪ್ಪನೂ ಅವರಂತೆಯೇ ಆಗಿದ್ದ. ಆಯಿ "ಆತು" ಎಂದಳು. ಅವಳು ಹಟಮಾರಿ, ಆದರೆ ದೇವರ ಹೆಸರು ಹಿಡಿದು ಕೇಳಿದರೆ ಇಲ್ಲ ಎನ್ನುವವಳಲ್ಲ.

ಹೊಸ ವರ್ಷದ ಬೆಳಗ್ಗೆ ಆರಾಧನೆಗೆ ಆಯಿ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ವೇದಿಕೆಯ ಮೆಟ್ಟಿಲು ಹತ್ತಲು ಆಗದ್ದರಿಂದ ತನ್ನ ಚೀಟಿ ತೆಗೆಯಲು ನನ್ನನ್ನೇ ಕಳಿಸಿದಳು. ಪಾಸ್ಟರ್ ಅಯ್ಯಗಾರು ತಟ್ಟೆ ನನ್ನ ಮುಂದೆ ಹಿಡಿದು, ಆಯಿಯ ಕಡೆ ಕೈ ತೋರಿಸಿದರು.

"ಮುಂದು ಪೆದ್ದಾವಿಡದಿ, ತರ್ವಾತ ನೀದಿ."

ಮೊದಲು ಹಿರಿಯಳದು, ಆಮೇಲೆ ನಿನ್ನದು. ಮೊದಲನೆಯದನ್ನು ತೆಗೆದಾಗ ಅವರು ಆಯಿಯ ಹೆಸರು ಹೇಳಿ ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾನು ಅದನ್ನು ಬಲಗೈಯಲ್ಲಿ, ನನ್ನದನ್ನು ಎಡಗೈಯಲ್ಲಿ ಹಿಡಿದು ಇಳಿದೆ. ಅಪ್ಪ ಅವ್ವ ಎಲ್ಲರ ಕೈಕುಲುಕುತ್ತ ನಿಂತಿದ್ದಾಗ ಹೊರಗೆ ಚಪ್ಪಲಿ ಬಿಟ್ಟ ಕಡೆ ಹೋಗಿ ಎರಡನ್ನೂ ಓದಿದೆ. ನೂರಾರು ಚೀಟಿಗಳಲ್ಲಿ ಇವೆರಡೇ ಯಾಕೆ ಬಂದವೋ, ಇಂದಿಗೂ ನನಗೆ ತಿಳಿಯದು. ನನ್ನದರಲ್ಲಿ, ನೆಟ್ಟ ನೆಲದಲ್ಲಿ ನೆಲೆಯಾಗುತ್ತೀರಿ, ಇನ್ನು ನಿಮ್ಮನ್ನು ಕೀಳುವವರಿಲ್ಲ ಎಂಬ ಅರ್ಥದ ಮಾತಿತ್ತು. ಆಯಿಯದರಲ್ಲಿ, ಹೋದಲ್ಲೆಲ್ಲ ಕಾಯ್ದು ನಿನ್ನನ್ನು ನಿನ್ನ ನೆಲಕ್ಕೆ ತಿರುಗಿ ಕರೆತರುತ್ತೇನೆ ಎಂದಿತ್ತು. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಯಾವ ಸೈತಾನನೂ ಕಿವಿಯಲ್ಲಿ ಉಸುರಲಿಲ್ಲ. ಭಾನುವಾರದ ಶಾಲೆಯಲ್ಲಿ ಹೇಳಿಕೊಟ್ಟಂತೆ ಎದೆಯೊಳಗೆ ಹೋರಾಟವೂ ನಡೆಯಲಿಲ್ಲ. ಎಡಗೈಯಲ್ಲಿದ್ದದ್ದನ್ನು ಬಲಗೈಗೆ ತೆಗೆದುಕೊಂಡೆ, ಅಷ್ಟೇ. ಬಹಳ ಸುಲಭವಾಗಿತ್ತು.

ಮನೆಯಲ್ಲಿ ಚೀಟಿ ಓದುವವಳು ನಾನೇ. ಅಪ್ಪನಿಗೆ ತೆಲುಗು ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಮಗಳು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುವುದು ಅವನಿಗೆ ಹೆಮ್ಮೆ. ನಾನು ಓದಿದೆ, ಅರ್ಥ ಹೇಳಿದೆ. ದನಿ ನಡುಗಲಿಲ್ಲ. ಅಪ್ಪ ದೊಡ್ಡದಾಗಿ ಉಸಿರು ಬಿಟ್ಟು "ನೋಡಿದ್ಯಾ ಅವ್ವಾ" ಎಂದ. ಆಯಿ ಚೀಟಿಯನ್ನು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದಳು, ಪೊರೆ ಬಂದ ಆ ಕಣ್ಣಿಗೆ ಏನು ಕಂಡಿತೋ. ಅದನ್ನು ತನ್ನ ಪುಸ್ತಕದೊಳಗೆ ಇಟ್ಟಳು.

"ಇಲ್ಲೇ ನೆಟ್ಟಾನಂತ. ಆತು ತಗೋ."

ಅಂದು ಕ್ರಿಸ್‌ಮಸ್ಸಿನಿಂದ ಉಳಿದಿದ್ದ ಕರಜಿಕಾಯಿ ತಿಂದೆವು. ನನಗೆ ಆಯಿ ಉಳಿದಳೆಂಬ ಖುಷಿ ಹೊಟ್ಟೆ ತುಂಬ ಇತ್ತು. ಅವಳು ಗುಡಿಸುತ್ತಿದ್ದ ಕಸಬರಿಗೆಯನ್ನು ಹಾಗೇ ಬಿಟ್ಟು ಹಿತ್ತಲ ಬಾಗಿಲಲ್ಲಿ ನಿಂತದ್ದನ್ನು ನೋಡುವವರೆಗೆ ಇತ್ತು. ಅವಳು ಅಳುತ್ತಿರಲಿಲ್ಲ. ಕಾರ್ಖಾನೆಯ ಚಿಮಣಿಗಳ ಕಡೆ ಸುಮ್ಮನೆ ನೋಡುತ್ತಿದ್ದಳು.

ಆಮೇಲಿನ ಶನಿವಾರಗಳು ನನಗೆ ಶಿಕ್ಷೆಯಾದವು. ಆಯಿಯ ನಿಜವಾದ ಚೀಟಿ ನನ್ನ ಕಂಪಾಸ್ ಡಬ್ಬಿಯಲ್ಲಿತ್ತು, ಗಣಿತದ ಪೀರಿಯಡ್ಡಿನಲ್ಲಿ ಡಬ್ಬಿ ತೆರೆದಾಗಲೆಲ್ಲ ಕಾಣುತ್ತಿತ್ತು. ಚಾಪೆಯ ಮೇಲೆ ಕುಳಿತು ಪೇರಲಕಾಯಿಯ ಪಾಪವನ್ನೇ ಹೇಳುತ್ತಿದ್ದೆ. ಅಪ್ಪನ ಕೈ ತಲೆಯ ಮೇಲೆ ಬೀಳುತ್ತಿತ್ತು, ದೇವರು ಕ್ಷಮಿಸ್ಯಾನ ಎಂಬ ಮಾತು ಬರುತ್ತಿತ್ತು. ಕದಿಯದ ಪೇರಲಕ್ಕೆ ಕ್ಷಮೆ ಸಿಗುತ್ತಿತ್ತು. ಆಯಿ ಈಗ ಊರಿನ ನೀರಿಗೆ ಬೈಯುವುದನ್ನು ಬಿಟ್ಟಿದ್ದಳು. "ನನಗೇನೂ ಇಲ್ಲಪಾ ಈ ವಾರ" ಎನ್ನುತ್ತಿದ್ದಳು. ಪಾಟೀಲರು ಫೆಬ್ರುವರಿಯಲ್ಲಿ ಊರಿಗೆ ಹೋಗಿ ಬಂದರು. ಜುಲೈಯಲ್ಲಿ ಒಂದು ಬೆಳಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದ ಆಯಿಯ ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಡಾಕ್ಟರು ಹೇಳಿದ್ದನ್ನು ಅಪ್ಪ ಅವ್ವನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: ಇನ್ನು ಅವಳು ರೈಲು ಹತ್ತುವ ಮಾತಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ನಾನು ಡಬ್ಬಿಯಿಂದ ಚೀಟಿ ತೆಗೆದು ಅವಳ ಮಂಚದ ಬಳಿ ನಿಂತು ಹೇಳಿಬಿಟ್ಟೆ. ಹೇಳಿದರೆ ಅವಳು ತಲೆ ಸವರುತ್ತಾಳೆ, ಹುಚ್ಚಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಆಯಿ ಪೂರ್ತಿ ಕೇಳಿದಳು. ಅದರಲ್ಲಿ ಏನು ಬರೆದಿದೆ ಓದು ಎಂದಳು. ಓದಿದೆ. ಇನ್ನೊಮ್ಮೆ ಓದು ಎಂದಳು. ಮತ್ತೆ ಓದಿದೆ. ಆಮೇಲೆ ಅವಳು ಸೊಂಟದ ನೋವಿಗೆ ಹಲ್ಲು ಕಚ್ಚಿ, ಕಷ್ಟಪಟ್ಟು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಹೋಗು ಅತ್ಲಾಗ."

ಜೀವಮಾನದಲ್ಲಿ ಅವಳು ನನಗೆ ಹಾಗೆ ಅಂದಿರಲಿಲ್ಲ. ಅಂದಿನಿಂದ ನಾನು ನೀರು ಒಯ್ದರೆ ಕುಡಿಯಲಿಲ್ಲ. ಅವ್ವ ಶಾಲೆಗೆ ರಜೆ ಹಾಕಿ ಮನೆಯಲ್ಲಿ ನಿಂತಳು. ಅವ್ವನ ಕೈಯಿಂದಷ್ಟೇ ಊಟ. ನಾನು ಮುಂದಿನ ಕೋಣೆಯ ಚಾಪೆಯ ಮೇಲೆ ಮಲಗಿದೆ, ಮುದುಕಿಗೆ ನೋವಿದೆ, ಮಂಚ ಅಲುಗಬಾರದು ಎಂದು ಎಲ್ಲರೂ ತಿಳಿದರು.

ತಿಂಗಳ ಮೊದಲ ಭಾನುವಾರ ಅಯ್ಯಗಾರು ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಮನೆಗೇ ಬಂದರು. ಹಾಸಿಗೆ ಹಿಡಿದವರಿಗೆ ಹಾಗೆ ಕೊಡುವ ರೂಢಿ. ಅವ್ವ ಹೊಸ ಹೊದಿಕೆ ಹಾಸಿ ಆಯಿಯ ತಲೆ ಬಾಚಿದ್ದಳು. ಕೊಡುವ ಮುಂಚೆ ಅವರು ಎಲ್ಲರನ್ನೂ ಕೇಳುವಂತೆ ಆಯಿಯನ್ನೂ ಕೇಳಿದರು, ಯಾರ ಮೇಲಾದರೂ ಕೋಪ ಉಳಿದಿದೆಯೇ ಎಂದು. ಕೋಪ ಇಟ್ಟುಕೊಂಡವರು ಆ ರೊಟ್ಟಿ ಮುಟ್ಟುವಂತಿಲ್ಲ, ಅದು ಇಲ್ಲ ಎನ್ನಬೇಕಾದ ಪ್ರಶ್ನೆ. ಆಯಿ ತನಗೆ ಬರುತ್ತಿದ್ದ ನಾಲ್ಕು ತೆಲುಗು ಶಬ್ದಗಳಲ್ಲಿ ಒಂದನ್ನು ಹೇಳಿದಳು.

"ಉಂದಿ."

ಇದೆ. ಅಯ್ಯಗಾರು ತಬ್ಬಿಬ್ಬಾದರು. ಅಪ್ಪ ಬಗ್ಗಿ, ಯಾರ ಮೇಲೆ, ನನ್ನ ಮೇಲೇನವ್ವಾ ಎಂದು ಕೇಳಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆಯಿ ನನ್ನ ಕಡೆ ನೋಡಲಿಲ್ಲ. "ನನಗೂ ಅವನಿಗೂ ಗೊತ್ತೈತಿ, ಸಾಕು," ಎಂದು ಮೇಲೆ ಬೆರಳು ತೋರಿಸಿದಳು. ರೊಟ್ಟಿಯನ್ನು ಮುಟ್ಟಲಿಲ್ಲ. ಪೆಟ್ಟಿಗೆ ಹಾಗೇ ಮುಚ್ಚಿಕೊಂಡು ಹೋಯಿತು. ಎಪ್ಪತ್ತು ದಾಟಿದ ಹೆಂಗಸು, ಒಂದು ತಿಂಗಳೂ ಭೋಜನ ತಪ್ಪಿಸದವಳು, ನನ್ನಿಂದಾಗಿ ಹಸಿದು ಉಳಿದಳು ಎಂದು ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅದಾಗಿ ಮೂರು ವಾರಕ್ಕೆ ಅವಳೇ ಕರೆದಳು. ನಾನು ಮಂಚದ ಹತ್ತಿರ ಹೋಗಲು ಹೆದರಿ ಕೋಣೆಯ ನಡುವೆ ನಿಂತೆ.

"ಶೀಲಾ, ಇಲ್ಲಿ ಬಾ. ನನ್ನ ಚೀಟಿ ನನಗ ಕೊಡು. ಈ ಪುಸ್ತಕದಾಗಿಂದು ನಿಂದು, ತಗೊಂಡು ಹೋಗು."

ಬದಲಾಯಿಸಿದೆ. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಬಿಗಿಯಾಗಿ, ನೋಯುವಷ್ಟು.

"ದೇವರು ಕ್ಷಮಿಸ್ಯಾನ. ನಾನೂ ಕ್ಷಮಿಸೇನಿ. ಸಿಟ್ಟು ಮಾತ್ರ ಇನ್ನೂ ಐತಿ. ಕ್ಷಮಾ ನಾ ಕೊಡೂದು, ಕೊಟ್ಟೇನಿ. ಸಿಟ್ಟು ತಾನ ಹೋಗಬೇಕು, ಅದಕ್ಕ ವ್ಯಾಳ್ಯಾ ಹಿಡೀತೈತಿ. ಅಲ್ಲೀತನಕ ನೀ ದಿನಾ ಬಂದು ಇಲ್ಲಿ ಕುಂಡ್ರು."

ಕೃಪೆ ಎಂದರೆ ಮೈಮೇಲೆ ಬೆಳಕು ಬಿದ್ದಂತೆ ಎಂದು ಅಯ್ಯಗಾರು ಭಾನುವಾರದ ಪ್ರಸಂಗಗಳಲ್ಲಿ ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಆ ಬಿಗಿಮುಷ್ಟಿ. ದಿನವೂ ಹೋಗಿ ಕುಳಿತೆ. ಕೆಲವು ದಿನ ಅವಳು ಮಾತಾಡುತ್ತಿದ್ದಳು, ಕೆಲವು ದಿನ ಇಲ್ಲ. ಮುಂದಿನ ತಿಂಗಳು ರೊಟ್ಟಿ ತೆಗೆದುಕೊಂಡಳು. ಅಪ್ಪನಿಗೆ ಹೇಳು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ, ನಾನೂ ಹೇಳಲಿಲ್ಲ. ಅವಳ ಸಿಟ್ಟು ಪೂರ್ತಿ ಹೋಯಿತೇ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ನವೆಂಬರ್ ಕೊನೆಯಲ್ಲಿ ಅವಳೇ ಹೋದಳು. ಗಾಜುವಾಕದ ಆಚೆ ಕಲ್ಲಿದ್ದಲ ಧೂಳು ಕೂರುವ ಸಮಾಧಿಭೂಮಿಯಲ್ಲಿ, ತೆಲುಗಿನಲ್ಲಿ ಹಾಡಿ, ಮಣ್ಣು ಮಾಡಿದೆವು. ಶಿಲುಬೆಯ ಮೇಲೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಸಬೇಕೆಂದು ಅಪ್ಪ ಹಟ ಹಿಡಿದ. ಪೇಂಟರನಿಗೆ ನಾನು ಕಾಗದದ ಮೇಲೆ ಬರೆದುಕೊಟ್ಟೆ.

ಆ ಹೊಸ ವರ್ಷ ನಾನು ಚೀಟಿ ತೆಗೆಯಲಿಲ್ಲ, ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದೆ. ಸಂಕ್ರಾಂತಿಯ ರಜೆಗೆ ಅಪ್ಪ ಮತ್ತು ನಾನು ಬೆಟಗೇರಿಗೆ ಹೊರಟೆವು. ತನ್ನ ಸತ್ಯವೇದವನ್ನು ತಂಗಿಗೆ ಮುಟ್ಟಿಸಿ ಎಂದು ಆಯಿ ಹೇಳಿದ್ದಳು. ದುವ್ವಾಡದಲ್ಲಿ ಬೆಳಗಿನ ರೈಲು ಹತ್ತಿ ಮಧ್ಯಾಹ್ನ ವಿಜಯವಾಡದಲ್ಲಿ ಇಳಿದೆವು. ಗದಗದ ಕಡೆಯ ರೈಲು ಸಂಜೆಗೆ. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಹಬ್ಬಕ್ಕೆ ಇಡೀ ಆಂಧ್ರವೇ ತಂತಮ್ಮ ಊರಿಗೆ ಹೊರಟಿತ್ತು, ಚೀಲ, ಮಕ್ಕಳು, ಹೊಸ ಬಟ್ಟೆಯ ಕವರು. ನಾವು ಒಂದು ಕಂಬದ ಬುಡದಲ್ಲಿ ಟ್ರಂಕಿನ ಮೇಲೆ ಕುಳಿತು ಅವ್ವ ಕಟ್ಟಿಕೊಟ್ಟ ಪುಳಿಹೋರ ತಿಂದೆವು. ಸಣ್ಣಾಯಿ ಕೇಳುತ್ತಾಳೆ, ಅಕ್ಕ ಯಾಕೆ ಬರಲಿಲ್ಲ ಎಂದು. ನನಗೆ ಬೇರೇನೂ ತೋಚುತ್ತಿರಲಿಲ್ಲ. ಅಪ್ಪ ಕೈ ತೊಳೆದು ಬಂದು ಗಡಿಯಾರ ನೋಡಿ ಕನ್ನಡಕ ತೆಗೆದ.

"ಇವತ್ತು ಶನಿವಾರ. ರೈಲಿನ್ಯಾಗ ಗದ್ದಲ ಇರತೈತಿ. ಇಲ್ಲೇ ಮುಗಸೂನು. ಹೇಳು, ಏನೈತಿ?"

ನಾನು ಬ್ಯಾಗಿನಿಂದ ಆಯಿಯ ಪುಸ್ತಕ ತೆಗೆದು ಚೀಟಿಯನ್ನು ಅವನ ಕೈಗಿಟ್ಟೆ. ಬಲಗೈ ಎಡಗೈ, ಕಂಪಾಸ್ ಡಬ್ಬಿ, ಗೋಡೆಯ ಕಡೆ ತಿರುಗಿದ ಮುಖ, ಉಂದಿ ಎಂದದ್ದು, ಎಲ್ಲ ಹೇಳಿದೆ. ಸುತ್ತಲಿನ ಗದ್ದಲದಲ್ಲಿ ಅವನು ಕಿವಿಯನ್ನು ನನ್ನ ಬಾಯಿಯ ಹತ್ತಿರ ತರಬೇಕಾಯಿತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದಿತ್ತು. ಅಪ್ಪ ಚೀಟಿಯ ಅಕ್ಷರಗಳನ್ನು ಬಸ್ಸಿನ ಬೋರ್ಡು ಓದುವ ಹಾಗೆ ಒಂದೊಂದೇ ಕೂಡಿಸಿ ಓದಿದ. ಎಷ್ಟೋ ಹೊತ್ತು ಅವನ ಕೈ ನನ್ನ ತಲೆಯ ಮೇಲೆ ಬರಲಿಲ್ಲ. ಆಮೇಲೆ ಅವನು ಟ್ರಂಕಿನಿಂದ ಇಳಿದು ಕೆಳಗೆ ನೆಲದ ಮೇಲೆ ಕುಳಿತ.

"ನಂದೂ ಒಂದೈತಿ," ಎಂದ. "ಪಾಟೀಲಗ ಡಿಸೆಂಬರದಾಗ ಹೇಳಿಬಿಟ್ಟಿದ್ದೆ. ನಮ್ಮವ್ವ ಬರಂಗಿಲ್ಲ, ಅಕೀ ಟಿಕೆಟ್ ತಗಸಬ್ಯಾಡ ಅಂತ. ಚೀಟಿ ತಗ್ಯಾಕ ಇನ್ನೂ ಎಂಟು ದಿನ ಇತ್ತು."

ನನಗೆ ಅರ್ಥವಾಗಲಿಲ್ಲ, ಚೀಟಿಯಲ್ಲಿ ಹೋಗು ಎಂದು ಬಂದಿದ್ದರೆ ಎಂದೆ.

"ಬಂದಿದ್ರೂ ಏನರ ನೆವ ಹೇಳತಿದ್ದೆ. ಅಕೀ ಹ್ವಾದ್ರ ಅಡಗಿ ಯಾರು ಮಾಡಬೇಕು, ನಿನ್ನ ಯಾರು ನೋಡಬೇಕು, ನಿಮ್ಮವ್ವ ನೌಕರಿ ಬಿಡಬೇಕು. ಅಷ್ಟ. ಅಷ್ಟಕ್ಕ ದೇವರ ಹೆಸರು ತಗೊಂಡೆ. ನೀ ಓದಿದಾಗ ನನಗ ಹಗುರಾತು."

ನನ್ನ ಪಾಲಿನ ಭಾರ ಇದರಿಂದ ಇಳಿಯಲಿಲ್ಲ, ಇಂದಿಗೂ ಇಳಿದಿಲ್ಲ. ನಾನು ಬದಲಿಸದಿದ್ದರೂ ಆಯಿ ಹೋಗುತ್ತಿರಲಿಲ್ಲ ಎಂಬುದು ಸಮಾಧಾನವಲ್ಲ. ಆ ಮನೆಯಲ್ಲಿ ಅವಳ ಪಾಲಿಗೆ ಯಾರೂ ಇರಲಿಲ್ಲ ಎಂದಷ್ಟೇ ಅದರ ಅರ್ಥ. ಅಪ್ಪ ತಲೆ ಬಗ್ಗಿಸಿ ಕುಳಿತೇ ಇದ್ದ. ಮೊದಲಿಗೆ ಯಾಕೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅವನು ಕಾಯುತ್ತಿದ್ದ. ಪಾಪ ಹೇಳಿ ಮುಗಿದ ಮೇಲೆ ಯಾರಾದರೂ ಕೈಯಿಡಬೇಕಲ್ಲ, ಅಲ್ಲಿ ನಾನೊಬ್ಬಳೇ ಇದ್ದೆ. ಎಣ್ಣೆ ಹಚ್ಚಿದ, ನಡುವೆ ಬೋಳಾಗುತ್ತಿದ್ದ ಆ ತಲೆಯ ಮೇಲೆ ಕೈಯಿಟ್ಟೆ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಅಲ್ಲಿಯವರೆಗೆ ಯಾರ ಮೇಲೂ ಬಂದಿರಲಿಲ್ಲ.

"ದೇವರು ಕ್ಷಮಿಸ್ಯಾನ," ಎಂದೆ. "ನಾನೂ ಕ್ಷಮಿಸೇನಿ. ಸಿಟ್ಟು ಮಾತ್ರ ಇನ್ನೂ ಐತಿ."

ಅಪ್ಪ ತಲೆಯಾಡಿಸಿದ. ರೈಲು ಬಂದು ನಿಂತಾಗ ಎದ್ದು, ಟ್ರಂಕನ್ನು ಹೆಗಲ ಮೇಲೆ ಹೊತ್ತ. ಆಯಿಯ ಪುಸ್ತಕವನ್ನು ನಾನು ಎದೆಗೆ ಹಿಡಿದುಕೊಂಡು ಅವನ ಹಿಂದೆ ಹತ್ತಿದೆ.